ನೆಡದೆ ಬೆಳೆದ ಕಾಡು

ಕಡಲನ್ನು ಓದಲು ಹೊರಟವರಲ್ಲಿ ಬಹುಪಾಲು ಮಂದಿಯನ್ನು ಕರೆಯುವುದು ಆಳ. ಹಡಗು, ನೀಲಿ ನೀರು, ಎಟುಕದ ದಿಗಂತ ಇವುಗಳ ಸೆಳೆತವೇ ಅಂಥದು. ನೆಲವೂ ಅಲ್ಲದ, ನೀರೂ ಅಲ್ಲದ, ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತಲೆಯೆತ್ತುವ ಕೆಸರಿನ ಪಟ್ಟಿಯೊಂದನ್ನು ತಮ್ಮ ಇಡೀ ವೃತ್ತಿಜೀವನದ ಕ್ಷೇತ್ರವೆಂದು ಆರಿಸಿಕೊಂಡು, ಮತ್ತೆಲ್ಲೂ ಕಣ್ಣು ಹಾಯಿಸದೆ ದುಡಿದವರು ವಿರಳ. ಈ ತಿಂಗಳು ನಮ್ಮ ಕರಾವಳಿ ಸಂಶೋಧನಾ ಸಂಸ್ಥೆಯ ಸೇವೆಯಿಂದ ನಿವೃತ್ತರಾಗುತ್ತಿರುವ ಪೂಜ್ಯರು ಅಂಥ ವಿರಳರಲ್ಲಿ ಒಬ್ಬರು. ದಾಖಲೆಗಳಲ್ಲಿ ಅವರಿಗೆ ಉದ್ದನೆಯ ಪದನಾಮವಿದೆ. ಶಿಷ್ಯರಾದ ನಮಗೂ, ದೋಣಿಯವರಿಗೂ, ಅಳಿವೆಯ ಆಚೀಚೆ ದಡದ ಊರುಗಳವರಿಗೂ ಅವರು 'ಕೆಸರು ಮೇಡಂ'. ಈ ಹೆಸರನ್ನು ಅವರ ಎದುರಿಗೇ ಹೇಳಬಹುದು. ಹೇಳಿದರೆ ಅವರು ತಿರುಗಿ ನೋಡುತ್ತಾರೆ.

ಉಷ್ಣವಲಯದ ತೀರವೊಂದನ್ನು ದೋಣಿಯಲ್ಲಿ ಕುಳಿತು ನೋಡಿದರೆ ದಡಕ್ಕೆ ಅಂಟಿಕೊಂಡಂತೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮ್ಯಾಂಗ್ರೋವ್ ಮರಗಳು ಕಾಣುತ್ತವೆ. ಅದರ ಮುಂದೆ ನೀರಿನಡಿಯಲ್ಲಿ ಕಡಲಹುಲ್ಲಿನ ಬಯಲು, ಇನ್ನೂ ಮುಂದೆ ಹವಳದ ದಿಬ್ಬ. ಬಹುಕಾಲ ಈ ಮೂರನ್ನೂ ಬೇರೆ ಬೇರೆ ವಿದ್ವಾಂಸರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಓದುತ್ತಿದ್ದರು. ಮೂರೂ ಒಂದೇ ಮನೆಯವು, ಒಂದರ ಊಟ ಇನ್ನೊಂದರ ಒಲೆಯ ಮೇಲಿದೆ ಎಂಬುದನ್ನು ನಮ್ಮ ತೀರದ ಮಟ್ಟಿಗೆ ಸಾಧಾರವಾಗಿ ತೋರಿಸಿಕೊಟ್ಟವರು ಮೇಡಂ. ನದಿ ತಂದ ಹೂಳನ್ನು ಕಾಂಡ್ಲಾ ಬೇರುಗಳು ತಡೆದು ನಿಲ್ಲಿಸುತ್ತವೆ. ಅಲ್ಲಿಂದ ತಪ್ಪಿಸಿಕೊಂಡ ನವಿರು ಮಣ್ಣನ್ನು ಹುಲ್ಲು ತನ್ನ ಎಲೆಗಳ ನಡುವೆ ಇಳಿಸಿಕೊಳ್ಳುತ್ತದೆ. ಹೀಗೆ ತಿಳಿಯಾದ ನೀರಿನಲ್ಲಿ ಹವಳ ಬದುಕುತ್ತದೆ. ಪ್ರತಿಯಾಗಿ ಹವಳದ ದಿಬ್ಬ ದೊಡ್ಡ ಅಲೆಗಳ ಸೊಂಟ ಮುರಿದು ಒಳಗೆ ಬಿಡುವುದರಿಂದಲೇ ಹುಲ್ಲಿಗೂ ಮರಕ್ಕೂ ಕಾಲೂರಲು ಆಸ್ಪದ ಸಿಗುತ್ತದೆ. ದಿಬ್ಬದ ಬಳಿ ಹುಟ್ಟಿದ ಎಷ್ಟೋ ಮೀನಿನ ಮರಿಗಳು ಬೇರುಗಳ ಸಂದಿಯಲ್ಲಿ ಅಡಗಿ, ಹುಲ್ಲಿನಲ್ಲಿ ಮೈ ಬೆಳೆಸಿಕೊಂಡು, ದೊಡ್ಡವಾದ ಮೇಲೆ ದಿಬ್ಬಕ್ಕೆ ಮರಳಿ ಸಂಸಾರ ಹೂಡುತ್ತವೆ. ನಮ್ಮ ಬಂದರಿನಲ್ಲಿ ಬುಟ್ಟಿ ಬುಟ್ಟಿಯಾಗಿ ಇಳಿಯುವ ಮೀನಿನಲ್ಲಿ ಬಹುಪಾಲಿನ ಬಾಲ್ಯ ಕಳೆದದ್ದು ನಾವು ಮೂಗು ಮುಚ್ಚಿಕೊಂಡು ದಾಟುವ ಆ ಕೆಸರಿನಲ್ಲೇ. ಅಲ್ಲಿನ ಮಣ್ಣು ತನ್ನೊಳಗೆ ಹುಗಿದಿಟ್ಟುಕೊಂಡಿರುವ ಇಂಗಾಲ ಗಾಳಿಗೆ ಸೇರಿದರೆ ಲೋಕದ ಬಿಸಿ ಇನ್ನಷ್ಟು ಏರುತ್ತದೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಮೇಡಂ ಕೆಲಸಕ್ಕೆ ಸೇರಿದಾಗ ಸಂಸ್ಥೆಯಲ್ಲೇ ಅದು ಹಲವರಿಗೆ ಗೊತ್ತಿರಲಿಲ್ಲ.

ಅವರು ಕಡಲಿನ ಕಡೆಯವರಲ್ಲ. ಒಳನಾಡಿನ ಪೇಟೆಯೊಂದರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರ ಮಗಳು. ಸಂದರ್ಶನದ ದಿನ, ಆಗಿನ ನಿರ್ದೇಶಕರು, ಈ ತೀರದ ಕಾಂಡ್ಲಾ ಮರಗಳನ್ನು ಮೊದಲು ವಿಂಗಡಿಸಿ ಗುರುತಿಸಿದ ದೊಡ್ಡ ವಿದ್ವಾಂಸರು, ಕಡಲು ನೋಡಿದ್ದೀಯೇನಮ್ಮಾ ಎಂದು ಕೇಳಿದರಂತೆ. "ಇವತ್ತು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೋಡಿದೆ ಸರ್" ಎಂದು ಹುಡುಗಿ ಉತ್ತರ ಕೊಟ್ಟಳು. ಆಯ್ಕೆಗೆ ಕುಳಿತ ಉಳಿದವರು ಮುಖ ಮುಖ ನೋಡಿಕೊಂಡರು. ನಿರ್ದೇಶಕರು ಮಾತ್ರ ಹೊಟ್ಟೆ ತುಂಬ ನಕ್ಕು, ಸುಳ್ಳು ಹೇಳದವಳು ಒಬ್ಬಳಾದರೂ ಸಿಕ್ಕಳಲ್ಲ ಎಂದು ಅವರ ಹೆಸರಿನ ಮುಂದೆ ಗುರುತು ಹಾಕಿದರು.

ಅಡ್ಡಹೆಸರು ಬಂದದ್ದು ಆ ಮೊದಲ ವರ್ಷದಲ್ಲೇ. ಇಳಿತದ ಹೊತ್ತಿನಲ್ಲಿ ಮಣ್ಣಿನ ಮಾದರಿ ತೆಗೆಯಲು ಹೋದವರು ಸೊಂಟದವರೆಗೆ ಹೂತುಹೋದರು. ಜೊತೆಗಿದ್ದವರು ಹಲಗೆ ಹಾಸಿ ಎಳೆದು ತೆಗೆಯುವಷ್ಟರಲ್ಲಿ ಅವರ ಎರಡೂ ಚಪ್ಪಲಿಗಳು ಭೂಮಿತಾಯಿಗೆ ಅರ್ಪಣೆಯಾಗಿದ್ದವು. ಮಾದರಿಯ ಡಬ್ಬಿ ಮಾತ್ರ ಒಂದು ಹನಿ ಕೆಸರು ಸಿಡಿಯದಂತೆ ತಲೆಯ ಮೇಲಿತ್ತು. ಮದುವೆಯಾದ ಮೇಲೂ ಈ ಕೆಲಸ ಬಿಡಲಿಲ್ಲ. ಅವರ ಅತ್ತೆಯವರು ಅಕ್ಕಪಕ್ಕದವರೊಡನೆ, ನಮ್ಮ ಸೊಸೆ ಬೆಳಿಗ್ಗೆ ಹೋಗುವಾಗ ಅಧಿಕಾರಿ, ಸಂಜೆ ಬರುವಾಗ ಕೆಸರಿನ ಗೊಂಬೆ ಎನ್ನುತ್ತಿದ್ದರು. ಹಾಗೆನ್ನುತ್ತಲೇ ಹಿತ್ತಲಲ್ಲಿ ಬಿಸಿನೀರು ಕಾಯಿಸಿಡುತ್ತಿದ್ದವರೂ ಅವರೇ. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ ಪತಿ, ಹೆಂಡತಿ ಅಂಗಳದಲ್ಲೇ ಕೈಕಾಲು ತೊಳೆದುಕೊಳ್ಳಲಿ ಎಂದು ಗೇಟಿನ ಪಕ್ಕಕ್ಕೊಂದು ನಲ್ಲಿ ಹಾಕಿಸಿದರು.

ನಿರ್ದೇಶಕರು ಅವರಿಗೆ ಗುರುಗಳಾಗಿದ್ದರು, ತಂದೆಯ ಸಮಾನರೂ ಆಗಿದ್ದರು. ಅವರು ಶಿಷ್ಯರ ಬರಹಗಳನ್ನು ಪೆನ್ಸಿಲ್ಲಿನಲ್ಲಿ ಮಾತ್ರ ತಿದ್ದುತ್ತಿದ್ದರು. ಒಪ್ಪಿಗೆಯಾಗದಿದ್ದರೆ ಅಳಿಸಿಬಿಡು, ನಿನ್ನ ಮಾತು ನಿನ್ನದೇ ಇರಲಿ ಎನ್ನುತ್ತಿದ್ದರು. ಗಡಿಯಾರದಂಗಡಿಯ ತಂದೆ ತೀರಿಕೊಂಡಾಗ, ದಿನವಿಡೀ ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದು, ಅಂಗಡಿಯ ಮುಂದಿನ ಬೆಂಚಿನ ಮೇಲೆ ಅವರ ಜೊತೆ ಕುಳಿತಿದ್ದು ಹೋದರು. ಮಗಳು ಹುಟ್ಟಿದ ವರ್ಷ ಕೆಲಸ ಬಿಡುವ ಯೋಚನೆಯಲ್ಲಿದ್ದ ಮೇಡಂಗೆ, ಪ್ರಯೋಗಾಲಯದ ಪಕ್ಕದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿ, ತೊಟ್ಟಿಲು ಇಲ್ಲೇ ಇರಲಿ, ಸೂಕ್ಷ್ಮದರ್ಶಕವೂ ಇಲ್ಲೇ ಇರಲಿ ಎಂದರು. ಮುಂದೆ ನಡೆದುದರ ಭಾರ ತಿಳಿಯಬೇಕಾದರೆ ಇಷ್ಟನ್ನು ನೆನಪಿಡಬೇಕು.

ಆ ವರ್ಷಗಳಲ್ಲಿ ನಮ್ಮ ತೀರಕ್ಕೆ ದೊಡ್ಡ ಚಂಡಮಾರುತವೊಂದು ಬಡಿಯಿತು. ಕಾಂಡ್ಲಾ ಕಾಡಿನ ಹಿಂದಿದ್ದ ಕೇರಿಗಳು ಹಾನಿಗೊಂಡರೂ ಉಳಿದವು. ಬಯಲಿಗೆ ಮುಖ ಮಾಡಿದ್ದ ಮೀನುಗಾರರ ಕೇರಿಯೊಂದು ಅಡಿಪಾಯ ಸಮೇತ ಕೊಚ್ಚಿಹೋಯಿತು. ಹೆಣಗಳನ್ನು ಎತ್ತುವ ಕೆಲಸಕ್ಕೆ ನಿರ್ದೇಶಕರು ತಾವೇ ಹೋಗಿದ್ದರು. ಹಿಂದಿರುಗಿದವರು ಒಂದು ಸಂಕಲ್ಪ ಹೊತ್ತುಕೊಂಡೇ ಬಂದರು: ಕೊಲ್ಲಿಯ ಉದ್ದಕ್ಕೂ ಮರಗಳ ಗೋಡೆ ಎಬ್ಬಿಸಬೇಕು. ಆದರೆ ಹಿಂದೆ ಕಾಡಿದ್ದ ಎತ್ತರದ ಜಾಗವೆಲ್ಲ ಅಷ್ಟರಲ್ಲಿ ಸಿಗಡಿ ಹೊಂಡಗಳಾಗಿ, ಒಡ್ಡು ಕಟ್ಟಿಸಿಕೊಂಡು, ಖಾಸಗಿಯವರ ಕೈ ಸೇರಿತ್ತು. ಯಾರೂ ತಮ್ಮದೆನ್ನದ ಜಾಗ ಉಳಿದಿದ್ದುದು ಅದಕ್ಕಿಂತ ಕೆಳಗಿನ ಕೆಸರುಬಯಲು ಮಾತ್ರ. ನಿರ್ದೇಶಕರು ಅಲ್ಲಿ ಸಸಿ ನೆಡಿಸಿದರು. ಶಾಲೆಯ ಮಕ್ಕಳು ಸಾಲುಗಟ್ಟಿ ಬಂದರು, ದೊಡ್ಡವರು ಪ್ಯಾಂಟು ಮಡಚಿ ಕೆಸರಿಗಿಳಿದರು, ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಯೋಜನೆಯ ಆರೈಕೆಯನ್ನು ಅತ್ಯಂತ ನಂಬಿಕೆಯ ಶಿಷ್ಯೆಗೆ ವಹಿಸಲಾಯಿತು.

ಸಸಿಗಳು ಸಾಯತೊಡಗಿದ್ದನ್ನು ಮೊದಲು ಕಂಡವರು ಹೀಗೆ ಮೇಡಂ ಅವರೇ. ಮೊದಲ ವರ್ಷ ಅವರು ತಮ್ಮ ಆರೈಕೆಯನ್ನೇ ದೂರಿಕೊಂಡರು. ಎರಡನೆಯ ವರ್ಷ ಸತ್ತವುಗಳ ಜಾಗದಲ್ಲಿ ಹೊಸವು ಬಂದವು, ಅವೂ ಸತ್ತವು. ನೆಟ್ಟ ದಿನಗಳಲ್ಲೇ ಚಿತ್ರ ತೆಗೆಯುವ ರೂಢಿಯಾದ್ದರಿಂದ ಕಾಗದದ ಮೇಲೆ ಬಯಲು ಸದಾ ಹಸಿರಾಗಿಯೇ ಇತ್ತು. ಇಳಿತದ ಹೊತ್ತಿನಲ್ಲಿ ಒಬ್ಬರೇ ಹೋಗಿ ನಿಂತು ನೋಡಿ ನೋಡಿ ಅವರಿಗೆ ಸಂಗತಿ ತಿಳಿಯಾಯಿತು. ಆ ಬಯಲು ತೀರ ತಗ್ಗಿನಲ್ಲಿತ್ತು. ನೀರು ಇಳಿದು ಸಸಿ ಉಸಿರೆಳೆದುಕೊಳ್ಳುವ ಮೊದಲೇ ಮರು ಉಬ್ಬರ ಬಂದು ಮುಳುಗಿಸುತ್ತಿತ್ತು. ಎಳೆಯ ಕಾಂಡದ ಮೇಲೆ ಬಂಡೆಗೆ ಅಂಟುವಂಥ ಸಣ್ಣ ಚಿಪ್ಪಿನ ಜೀವಿಗಳು ಗುಂಪುಗಟ್ಟಿ, ಭಾರಕ್ಕೆ ಸಸಿ ಬಾಗಿ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚು ಅವರ ಎದೆಗೆ ಚುಚ್ಚಿದ್ದು ಬೇರೆ: ಆ ಬಯಲು ಬರಿಯ ಕೆಸರಾಗಿರಲಿಲ್ಲ. ಬೆರಳುದ್ದದ ಕಡಲಹುಲ್ಲು ಅಲ್ಲಿ ದಟ್ಟವಾಗಿತ್ತು, ಅದರಲ್ಲಿ ಸಿಗಡಿ ಮರಿಗಳಿದ್ದವು, ಚಿಪ್ಪುಮೀನುಗಳಿದ್ದವು. ಸಾವಿರಾರು ಕಾಲುಗಳು ತುಳಿದು, ಗುಣಿ ತೋಡಿ, ಅದು ತೇಪೆ ತೇಪೆಯಾಗಿ ಕಿತ್ತುಬಂದಿತ್ತು.

ಒಂದು ಮಧ್ಯಾಹ್ನ ನಿರ್ದೇಶಕರ ಕೋಣೆಯ ಬಾಗಿಲು ಮುಚ್ಚಿಕೊಂಡು ಕುಳಿತು ಅವರು ಹೇಳಿದರು:

"ಸರ್, ಅಲ್ಲಿ ಕಾಡು ಬರಲ್ಲ. ನೆಡೋಕೆ ಅಂತ ಹೋಗಿ ಇರೋ ಹುಲ್ಲನ್ನೂ ಸಾಯಿಸ್ತಿದೀವಿ."

ನಿರ್ದೇಶಕರು ಕೋಪ ತೋರಿಸಲಿಲ್ಲ. "ಮೇಲಿನ ಜಾಗ ಎಲ್ಲಾ ಹೊಂಡ ಆಗಿದೆ. ಹೊಂಡದವರು ಒಂದು ಗೇಣೂ ಬಿಟ್ಟುಕೊಡಲ್ಲ. ಇನ್ನೊಂದು ಗಾಳಿ ಬಂದಾಗ ಆ ಜನಕ್ಕೆ ನಾನು ಏನು ಕೊಡಲಿ, ನೀನೇ ಹೇಳು" ಎಂದರು.

"ಗೊತ್ತಿಲ್ಲ ಸರ್. ಆದ್ರೆ ಇದನ್ನ ಕೊಟ್ಟು, ಕಾಡು ಕೊಟ್ಟಿದೀವಿ ಅಂತ ನಂಬಿಸಬಾರದು."

ಅವರು ತಲೆಯಾಡಿಸಿ, ಸರಿ ಹೋಗು ಎಂದರು. ಆ ದಿನದಿಂದ ಅವರ ಕೋಣೆಗೆ ಮೇಡಂಗೆ ಕರೆ ಬರುವುದು ನಿಂತಿತು.

ವಾರ್ಷಿಕ ಪರಿಶೀಲನೆಯ ಸಭೆ ಬಂತು. ಹೊರಗಿನಿಂದ ಬಂದ ಸಮಿತಿಯವರ ಮುಂದೆ ನಿರ್ದೇಶಕರು ತಮ್ಮ ಯೋಜನೆಯನ್ನು ವಿವರಿಸಿದ ಮೇಲೆ, ಅಧ್ಯಕ್ಷರು ಕಡೆಯ ಸಾಲಿನಲ್ಲಿ ಕುಳಿತಿದ್ದ ಮೇಡಂ ಕಡೆ ತಿರುಗಿ, ಆರೈಕೆ ನಿಮ್ಮದಲ್ಲವೇ, ಸಸಿಗಳು ಹೇಗಿವೆ ಎಂದು ಸೌಜನ್ಯಕ್ಕೆ ಕೇಳಿದರು. ಚೆನ್ನಾಗಿವೆ ಎಂದರೆ ಮುಗಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅವರು ಗುರುಗಳ ಕಡೆ ನೋಡಿದರು. ಗುರುಗಳು ಕಿಟಕಿಯ ಕಡೆ ನೋಡುತ್ತಿದ್ದರು. ತೊಟ್ಟಿಲಿಟ್ಟಿದ್ದ ಆ ಸಣ್ಣ ಕೋಣೆ ಕಣ್ಣ ಮುಂದೆ ಬಂತೆಂದು ಮೇಡಂ ಎಷ್ಟೋ ವರ್ಷಗಳ ಮೇಲೆ ಪತಿಯೊಡನೆ ಹೇಳಿಕೊಂಡರಂತೆ.

"ಈ ವಾರ ನೆಟ್ಟವು ಚೆನ್ನಾಗಿವೆ ಸರ್" ಎಂದರು. "ಹೋದ ವರ್ಷದವು ಒಂದೂ ಉಳಿದಿಲ್ಲ."

ಯೋಜನೆ ನಿಂತಿತು. ಕೆಲವೇ ತಿಂಗಳಲ್ಲಿ ನಿರ್ದೇಶಕರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಅವರ ಹಳೆಯ ಶಿಷ್ಯರೆಲ್ಲ ವೇದಿಕೆ ಹತ್ತಿ ಮಾತಾಡಿದರು. ಮೇಡಂ ಹೆಸರನ್ನು ಯಾರೂ ಕೂಗಲಿಲ್ಲ. ಅವರು ಹಿಂದಿನ ಗೋಡೆಗೆ ಒರಗಿ ನಿಂತೇ ಎಲ್ಲವನ್ನೂ ಕೇಳಿದರು. ಸಂಸ್ಥೆಯಲ್ಲಿ ಅರ್ಧದಷ್ಟು ಮಂದಿ ಅವರನ್ನು ಕೃತಘ್ನೆ ಎಂದು ಕರೆದರು. ಉಳಿದರ್ಧ ಮಂದಿ ಮೆಚ್ಚಿದರು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಚಹಾದ ಹೊತ್ತಿನಲ್ಲಿ ಅವರು ಹೋಗಿ ಕುಳಿತ ಮೇಜು ಬೇಗ ಖಾಲಿಯಾಗುತ್ತಿತ್ತು. ಅತ್ತೆಯವರು ಸುದ್ದಿ ಕೇಳಿ, ನಿಜ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಹೇಳುವಾಗ ನೋವಾಯಿತಲ್ಲ, ಅಷ್ಟು ಸಾಕು ಎಂದರು. ಆ ವರ್ಷ ಅವರಿಗೆ ಸಿಕ್ಕ ಸಮಾಧಾನದ ಮಾತು ಅದೊಂದೇ.

ಆದರೆ ಗುರುಗಳು ಕೇಳಿದ್ದ ಪ್ರಶ್ನೆ ಅವರನ್ನು ಬಿಡಲಿಲ್ಲ. ಇದು ಬೇಡವೆಂದ ಮೇಲೆ, ಆ ಜನಕ್ಕೆ ಕೊಡುವುದೇನು? ಮೇಡಂ ಹೊಂಡಗಳ ಕಡೆ ನಡೆದರು. ಸಿಗಡಿಗೆ ರೋಗ ತಗಲಿ ಆ ಉದ್ಯಮ ನೆಲಕಚ್ಚಿ ಕೆಲವು ವರ್ಷಗಳಾಗಿದ್ದವು; ಆದರೂ ಯಾರೂ ಜಾಗ ಬಿಟ್ಟುಕೊಟ್ಟಿರಲಿಲ್ಲ. ಹೊಂಡಗಳು ಹಾಳುಬಿದ್ದಿದ್ದವು, ಉಬ್ಬರದ ನೀರು ಒಳಗೆ ಬಾರದೆ, ಮಳೆಯ ನೀರು ಹೊರಗೆ ಹೋಗದೆ, ಮಣ್ಣು ಹುಳಿಯಾಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಆದರೆ ಅದು ಕಾಂಡ್ಲಾ ಬೆಳೆಯುವ ಎತ್ತರವೇ. ಹಿಂದೆ ಬೆಳೆದಿದ್ದ ಜಾಗವೇ. ಅಲ್ಲಿಗೆ ಬೇಕಾದದ್ದು ಸಸಿಯಲ್ಲ, ನೀರಿನ ಹೋಗು-ಬರವು. ಒಡ್ಡನ್ನು ತಕ್ಕ ಕಡೆ ಕಡಿದುಕೊಟ್ಟರೆ ಉಬ್ಬರ ತಾನೇ ಬೀಜ ಹೊತ್ತು ತರುತ್ತದೆ, ಎಲ್ಲಿ ಯಾವುದು ಬೇರೂರಬೇಕೆಂದು ಅದೇ ತೀರ್ಮಾನಿಸುತ್ತದೆ ಎಂಬುದು ಅವರ ವಾದ. ಮಳೆಯಲ್ಲಿ ಕೊಡೆ ಹಿಡಿದು ಹೊಂಡಗಳ ನಡುವೆ ಓಡಾಡುತ್ತ, ನೀರು ಎತ್ತ ಹರಿಯಲು ಹವಣಿಸುತ್ತದೆಂದು ನೋಡಿ, ಮುಚ್ಚಿಹೋಗಿದ್ದ ಹಳೆಯ ಕಾಲುವೆಗಳ ಜಾಡನ್ನು ಅವರು ಗುರುತು ಮಾಡಿಟ್ಟುಕೊಂಡರು.

ಅಲ್ಲಿನ ಅತಿ ದೊಡ್ಡ ಹೊಂಡಗಳು ಒಬ್ಬ ವಿಧವೆಯವು. ಊರಿನವರು ಅವರನ್ನು ಹೊಂಡದಕ್ಕ ಎನ್ನುತ್ತಿದ್ದರು. ಗಂಡ ಹಗಲೆಲ್ಲ ತಾನೇ ಬುಟ್ಟಿ ಹೊತ್ತು ಒಡ್ಡು ಕಟ್ಟಿದ್ದ. ಸಿಗಡಿ ಸತ್ತ ಮರುವರ್ಷ ಅವನೂ ಎದೆನೋವಿನಿಂದ ಹೋಗಿಬಿಟ್ಟಿದ್ದ. ಹೊಂಡದಕ್ಕ ಮೇಡಂ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡು, "ಇದಕ್ಕೆ ನಮ್ಮ ಯಜಮಾನ್ರು ಬೆನ್ನು ಕೊಟ್ಟಿದಾರೆ. ಕಡಿ ಅಂದ್ರೆ ಹೇಗೆ ಕಡೀಲಿ?" ಎಂದರು.

ಮೇಡಂ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಹೋಗುವುದನ್ನೂ ನಿಲ್ಲಿಸಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು, ಕೊಟ್ಟ ಚಹಾ ಕುಡಿಯುತ್ತಿದ್ದರು, ಊರ ಸುದ್ದಿ ಕೇಳುತ್ತಿದ್ದರು. ಹೊಂಡದಕ್ಕನಿಗೆ ಕಣ್ಣಿನ ಪೊರೆ ತೆಗೆಸಬೇಕಾದಾಗ ಆಸ್ಪತ್ರೆಗೆ ಕರೆದೊಯ್ದು, ಕಟ್ಟು ಬಿಚ್ಚುವವರೆಗೆ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಇದನ್ನು ಕೆಲಸ ಸಾಧಿಸುವ ಉಪಾಯವೆಂದು ತಿಳಿದವರು ಮೇಡಂ ಅವರನ್ನು ಅರಿಯದವರು. ಎರಡು ಮಳೆಗಾಲ ಕಳೆದರೂ ಒಡ್ಡು ಹಾಗೇ ಇತ್ತು.

ಈ ನಡುವೆ ಅವರು ತಮ್ಮ ಪ್ರತಿಯೊಂದು ಲೇಖನದ ಕರಡನ್ನೂ ಹಳೆಯ ನಿರ್ದೇಶಕರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಹೊಂಡಗಳ ಕುರಿತು ಬರೆದ ಕರಡು ಮಾತ್ರ ಒಂದು ದಿನ ಹಿಂದಿರುಗಿ ಬಂತು; ಅಂಚಿನುದ್ದಕ್ಕೂ ಪೆನ್ಸಿಲ್ಲಿನ ತಿದ್ದುಪಡಿಗಳಿದ್ದವು. ಕೊನೆಯ ಪುಟದ ಕೆಳಗೆ, ಒಡ್ಡು ಕಡಿಯಲೊಪ್ಪದ ಆ ಹೆಂಗಸನ್ನು ನಾನೊಮ್ಮೆ ಭೇಟಿಯಾಗಬಹುದೇ ಎಂದಿತ್ತು. ಮೇಡಂ ಆ ಹಾಳೆ ಹಿಡಿದು ಪ್ರಯೋಗಾಲಯದಲ್ಲಿ ನಿಂತೇ ಅತ್ತರು. ಅವರು ಅತ್ತದ್ದನ್ನು ನಾವು ಕಂಡದ್ದು ಅದೊಂದೇ ಸಲ.

ಗುರುಗಳು ಬಸ್ಸಿಳಿದು, ಊರುಗೋಲಿನಂತೆ ಕೊಡೆ ಊರಿಕೊಂಡು, ಒಡ್ಡಿನ ಮೇಲೆ ನಿಧಾನವಾಗಿ ನಡೆದು ಬಂದರು. ಶಿಷ್ಯೆಯ ನಮಸ್ಕಾರಕ್ಕೆ ತಲೆ ತೂಗಿದರು, ಅಷ್ಟೇ. ಹೊಂಡದಕ್ಕನ ಪಕ್ಕದಲ್ಲಿ ಒಡ್ಡಿನ ಮೇಲೆಯೇ ಕುಳಿತು, ಇದನ್ನು ಯಾರು ಕಟ್ಟಿದ್ದು, ಹೇಗೆ ಕಟ್ಟಿದ್ದು ಎಂದು ಕೇಳಿದರು. ಗಂಡ ಕಟ್ಟಿದ ಬಗೆಯನ್ನು ಆಕೆ ಹೇಳುತ್ತ ಹೋದಂತೆ, ಎಲ್ಲಿಯೂ ಅಡ್ಡ ಬಾಯಿ ಹಾಕದೆ ಕೇಳಿದರು. ಆಮೇಲೆ ಹೇಳಿದರು:

"ನಾನೂ ಒಂದು ಕಾಡು ನೆಟ್ಟಿದ್ದೆ ಕಣಮ್ಮಾ. ಮಕ್ಕಳ ಕೈಲೆಲ್ಲ ನೆಡಿಸಿದ್ದೆ. ಇವಳು ಬಂದು ಅದು ತಪ್ಪು ಜಾಗ ಅಂದ್ಲು. ನನಗೆ ತುಂಬ ಕೋಪ ಬಂತು. ಸುಳ್ಳು ಹೇಳಿದ್ಲು ಅಂತಲ್ಲ, ನಿಜ ಹೇಳಿದ್ಲು ಅಂತ."

"ಆಮೇಲೆ?" ಎಂದರು ಹೊಂಡದಕ್ಕ.

"ಆಮೇಲೆ ಏನು, ವಯಸ್ಸಾಯ್ತು. ಆ ಕೋಪ ಇಟ್ಕೊಂಡು ಕೂರೋಕೆ ಮನೇಲಿ ಜಾಗ ಸಾಲದೇ ಹೋಯ್ತು."

ಹೊಂಡದಕ್ಕ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಒಡ್ಡು ಕಡಿದರೆ ಯಜಮಾನರ ಕೈಕೆಲಸವೆಲ್ಲ ನೀರುಪಾಲಾಗುತ್ತದಲ್ಲ ಎಂದು ಮೇಡಂ ಮುಖ ನೋಡಿದರು. ಪೂರ್ತಿ ಕಡಿಯಬೇಕಿಲ್ಲ, ಹಳೆಯ ಕಾಲುವೆಗಳ ಜಾಡು ಇರುವ ಕಡೆ ಮಾತ್ರ ಬಾಯಿ ಬಿಡಿಸಿದರೆ ಸಾಕು, ಮಿಕ್ಕ ಒಡ್ಡು ಹಾಗೇ ಇರುತ್ತದೆ ಎಂದು ಮೇಡಂ ವಿವರಿಸಿದರು. ಎಳೆಯ ಸಸಿಗಳು ಮೊದಲು ಆಸರೆ ಹುಡುಕಿಕೊಂಡು ಬರುವುದು ಆ ಒಡ್ಡಿನ ಮಗ್ಗುಲಿಗೇ ಎಂದೂ ಹೇಳಿದರು. ಹೊಂಡದಕ್ಕ ಎದ್ದು ಒಳಗೆ ಹೋಗಿ ಗುದ್ದಲಿ ತಂದರು.

"ಮೊದಲನೇದು ನಾನೇ ಹಾಕ್ತೀನಿ. ಬೇರೆಯವರು ಹಾಕಿದ್ರೆ ನೋಡಕ್ಕಾಗಲ್ಲ ನನಗೆ."

ಅಂದು ಸಂಜೆಯ ಉಬ್ಬರಕ್ಕೆ ಕಡಲು ಬಹುಕಾಲದ ಮೇಲೆ ಆ ಹೊಂಡದೊಳಕ್ಕೆ ಬಂತು. ಕೆಂಪು ಮಣ್ಣಿನ ಮೇಲೆ ನೊರೆ ಹರಿದು ಬರುವುದನ್ನು ಮೂವರೂ ಒಡ್ಡಿನ ಮೇಲೆ ನಿಂತು ನೋಡಿದರು. ಹೊರಡುವಾಗ ಗುರುಗಳು ಶಿಷ್ಯೆಯ ತಲೆಯ ಮೇಲೆ ಕೈಯಿಟ್ಟರು. ಸಭೆಯ ಮಾತು ಅವರಿಬ್ಬರ ನಡುವೆ ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ಆದರೆ ಕಾಡು ಕೂಡಲೇ ಬರಲಿಲ್ಲ. ಹುಳಿ ತೊಳೆದುಹೋಗಲು ಒಂದು ಮಳೆಗಾಲವೇ ಹಿಡಿಯಿತು. ಸಂಸ್ಥೆಗೆ ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು ಬಂದು ನೋಡಿ, ಇಲ್ಲಿ ಬರೀ ಕೆಸರಿದೆ, ಒಂದಷ್ಟು ಸಸಿಯಾದರೂ ನೆಡಿಸಿ, ತೋರಿಸಲು ಏನಾದರೂ ಬೇಡವೇ ಎಂದರು. ಮೇಡಂ ಅವರನ್ನು ಬಗ್ಗಿಸಿ, ಏಡಿಗಳು ತೋಡಿದ ಹೊಸ ಬಿಲಗಳನ್ನು, ಮಣ್ಣಿಗೆ ಜೀವ ಮರಳಿದ ಗುರುತೆಂದು ತೋರಿಸಿದರು. ಅಧಿಕಾರಿಗಳಿಗೆ ಏಡಿಯ ಬಿಲ ಸಾಧನೆಯೆಂದು ಕಾಣಲಿಲ್ಲ. ಆ ವರ್ಷ ಬರಬೇಕಿದ್ದ ಬಡ್ತಿ ಮೇಡಂಗೆ ಬರಲಿಲ್ಲ. ಅವರಿಗೂ ಅನುಮಾನ ಬಾರದೆ ಇರಲಿಲ್ಲ. ತಪ್ಪಾಗಿದ್ದರೆ ಹೊಂಡದಕ್ಕನಿಗೆ ಮುಖ ತೋರಿಸುವುದು ಹೇಗೆಂದು ಊಟ ಬಿಟ್ಟು ಕುಳಿತ ದಿನಗಳಿದ್ದವು. ಆ ದಿನಗಳಲ್ಲಿ ಹೊಂಡದಕ್ಕನೇ ಅವರಿಗೆ ಧೈರ್ಯ ಹೇಳಿದರು.

ಮರುವರ್ಷ, ಮರದ ಮೇಲೇ ಮೊಳೆತು ಕಡ್ಡಿಯಂತೆ ಉದ್ದವಾಗಿ ನೀರಿಗೆ ಬೀಳುವ ಕಾಂಡ್ಲಾ ಬೀಜಗಳು ಉಬ್ಬರದೊಡನೆ ತೇಲಿ ಬಂದು, ಮೊದಲು ಒಡ್ಡಿನ ಮಗ್ಗುಲಿಗೆ, ಆಮೇಲೆ ಕಾಲುವೆಗಳ ಅಂಚಿಗೆ ನಿಂತವು. ಯಾರೂ ನೆಡಲಿಲ್ಲ. ಎಲ್ಲಿ ಬಾಳಲಾರವೋ ಅಲ್ಲಿ ನಿಲ್ಲಲಿಲ್ಲ. ಎಲ್ಲಿ ಬಾಳಬಲ್ಲವೋ ಅಲ್ಲಿ ಗುಂಪುಗುಂಪಾಗಿ ಎದ್ದವು. ಮೊಣಕಾಲೆತ್ತರ, ಎದೆಯೆತ್ತರ, ಆಳೆತ್ತರ. ನೆರೆಯ ಹೊಂಡಗಳವರು ತಾವಾಗಿ ಬಂದು ಒಡ್ಡು ಕಡಿಸಿದರು. ಗುರುಗಳನ್ನು ಕಡೆಯ ಸಲ ದೋಣಿಯಲ್ಲಿ ಕೂರಿಸಿ ಅಲ್ಲಿಗೆ ಕರೆದುಕೊಂಡು ಹೋದಾಗ ಅವರ ದೃಷ್ಟಿ ಮಂದವಾಗಿತ್ತು. ಎಲೆಗಳನ್ನು ಬೆರಳಿನಿಂದ ತಡವಿ ಒಂದೊಂದು ಜಾತಿಯನ್ನೂ ಹೆಸರು ಹಿಡಿದು ಕರೆದರು. ಒಂದನ್ನು ತಪ್ಪಾಗಿ ಕರೆದರು. ಮೇಡಂ ತಿದ್ದಿದರು, ಅವರು ಎಲೆಯನ್ನು ಮತ್ತೊಮ್ಮೆ ತಡವಿ, ಹೌದು ಎಂದು ಒಪ್ಪಿದರು.

ಗುರುಗಳು ತೀರಿಕೊಂಡ ಎರಡು ವರ್ಷಕ್ಕೆ ಮತ್ತೊಂದು ಚಂಡಮಾರುತ ಬಂತು. ಕಾಡಿನ ಮುಂದಿನ ಸಾಲು ಮಲಗಿತು, ಹಿಂದಿನ ಕೇರಿಯ ಮಾಡುಗಳು ಹಾರಿದವು, ಬಾವಿಗಳಿಗೆ ಉಪ್ಪು ನುಗ್ಗಿತು. ಆದರೆ ದಡ ಕರಗಲಿಲ್ಲ. ಪಕ್ಕದ ಕೊಲ್ಲಿಯಲ್ಲಿ ಅಲೆ ತಡೆಯಲೆಂದು ಕಟ್ಟಿದ್ದ ಕಾಂಕ್ರೀಟಿನ ಗೋಡೆಯ ಬುಡದ ಮರಳನ್ನು ಕಡಲು ತೋಡಿ ತೆಗೆದು, ಗೋಡೆಯನ್ನೇ ಮಗುಚಿ ಹಾಕಿತ್ತು. ಪತ್ರಿಕೆಯವರು ಓಡಿ ಬಂದರು. ಕಾಡು ಊರನ್ನು ಉಳಿಸಿತು ಎಂಬ ಒಂದು ವಾಕ್ಯ ಮೇಡಂ ಬಾಯಿಂದ ಬಂದಿದ್ದರೆ ಅವರಿಗೆ ಬೇಕಾದ ಅನುದಾನವೆಲ್ಲ ಆ ವರ್ಷವೇ ಸಿಗುತ್ತಿತ್ತು.

"ಜನರನ್ನ ಉಳಿಸಿದ್ದು ಹೊತ್ತಿಗೆ ಸರಿಯಾಗಿ ಬಂದ ಎಚ್ಚರಿಕೆ, ಮತ್ತೆ ಅವರನ್ನ ದೂರ ಸಾಗಿಸಿದ ಲಾರಿ ಚಾಲಕರು. ಕಾಡು, ಹುಲ್ಲು, ಹವಳ ಸೇರಿ ಉಳಿಸಿದ್ದು ನೆಲವನ್ನ. ಎರಡನ್ನೂ ಬೇರೆ ಬೇರೆ ಬರೀರಿ" ಎಂದರು ಅವರು. ಕೆಲವರು ಹಾಗೇ ಬರೆದರು.

ಶಿಷ್ಯರಾದ ನಾವು ಅವರಿಂದ ಕಲಿತದ್ದನ್ನು ಪಟ್ಟಿ ಮಾಡುವುದು ಈ ಲೇಖನದ ಅಳತೆಗೆ ಮೀರಿದ್ದು. ಫಲಿತಾಂಶ ನಮ್ಮ ಊಹೆಗೆ ಎದುರಾಡಿದ ದಿನ ನಮ್ಮನ್ನು ಗದರದೆ, ಬುತ್ತಿ ಬಿಚ್ಚಿ ಮೊದಲು ತಿನ್ನಿ ಎಂದದ್ದು, ಸಂಶೋಧನೆ ಅರ್ಧಕ್ಕೆ ಬಿಟ್ಟು ಹೋದ ಗೆಳತಿಯ ಮನೆಗೆ ವರ್ಷವಿಡೀ ಹೋಗಿಬಂದು ಆಕೆಯನ್ನು ಮರಳಿ ಕರೆತಂದದ್ದು, ನಮ್ಮ ಹೆಸರಿನ ಲೇಖನದಲ್ಲಿ ನಾವು ಅವರ ಹೆಸರು ಸೇರಿಸಲು ಹೋದರೆ ಹೊಡೆದುಹಾಕಿದ್ದು, ಇವೆಲ್ಲ ನಮ್ಮೊಳಗಿವೆ. ನಿರ್ದೇಶಕರ ಪದವಿ ಅವರನ್ನು ಹುಡುಕಿಕೊಂಡು ಬಂದಾಗ ಬೇಡವೆಂದದ್ದೂ ನಿಜ; ಆ ಕೋಣೆಯಲ್ಲಿ ಕೂತರೆ ಇಳಿತದ ಹೊತ್ತು ತಪ್ಪಿಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಈ ಅಭಿನಂದನಾ ಸಂಪುಟದ ಕೆಲಸಕ್ಕೆಂದು ಕಳೆದ ವಾರ ಅವರ ಮನೆಗೆ ಹೋದಾಗ ಅವರು ಚೀಲ ತುಂಬಿಸುತ್ತಿದ್ದರು. ತೀರದ ಇನ್ನೊಂದು ತುದಿಯಿಂದ ಮೂವರು ಅಣ್ಣತಮ್ಮಂದಿರು ಕರೆ ಕಳಿಸಿದ್ದಾರಂತೆ. ಅವರದೂ ಹಾಳುಬಿದ್ದ ಹೊಂಡಗಳು. ಇಬ್ಬರು ಒಡ್ಡು ಕಡಿಯೋಣ ಎನ್ನುತ್ತಾರೆ, ಮೂರನೆಯವನು ಸುತರಾಂ ಒಪ್ಪುವುದಿಲ್ಲ. ನಿವೃತ್ತಿಯ ಮರುದಿನವೇ ಹೊರಡುವುದೇ, ಸ್ವಲ್ಪ ದಿನ ವಿಶ್ರಾಂತಿ ಬೇಡವೇ ಎಂದು ನಾವು ಕೇಳಿದೆವು. ಪತಿ ಒಳಗಿನಿಂದಲೇ, ಅದನ್ನು ಕೇಳಿ ನಾನು ಸೋತಿದ್ದೇನೆ, ನೀವಾದರೂ ಗೆದ್ದರೆ ನೋಡೋಣ ಎಂದರು. ಅಲ್ಲಿ ಹೋಗಿ ಮೊದಲು ಮಾಡುವುದೇನು ಎಂದು ಕೇಳಿದ್ದಕ್ಕೆ ಮೇಡಂ, "ಆ ಮೂರನೆಯವನ ಪಕ್ಕದಲ್ಲಿ ಕೂತ್ಕೋತೀನಿ" ಎಂದರು.

ಅವರ ಮೊಣಕಾಲುಗಳು ಗಟ್ಟಿಯಾಗಿರಲಿ, ಕಣ್ಣು ತಿಳಿಯಾಗಿರಲಿ. ಅವರು ಕುಳಿತ ಜಗಲಿಗಳಲ್ಲಿ ಚಹಾ ಬಿಸಿಯಾಗಿರಲಿ, ಮಾತು ನಿಧಾನವಾಗಿರಲಿ. ಇನ್ನೂ ಬಹಳ ವರ್ಷ, ಅವರು ಕೆಸರಿಗೆ ಇಳಿದ ದಿನಗಳಲ್ಲೆಲ್ಲ, ಮರಳಿ ದಡ ಸೇರುವವರೆಗೆ ಉಬ್ಬರ ಅವರಿಗಾಗಿ ತುಸು ತಡೆದು ಬರಲಿ.